ಎಕ್ಸ್‌-ರೇ ಇಲ್ಲದೆ ಬಂದ ಎರಡು ಗೆರೆಗಳು

ಭೂತ, ಪವಾಡ ಎಂದು ಯಾರಾದರೂ ಶುರು ಮಾಡಿದರೆ, ಅಲ್ಲಿ ಮೀಟರ್ ಇತ್ತಾ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಭೌತಶಾಸ್ತ್ರ ಓದಿದವನ ಜಂಬ. ನನ್ನ ಪಾಲಿಗೆ ಬಂದದ್ದು ಮೀಟರಿನ ಮುಂದೆಯೇ ನಡೆಯಿತು.

ತೊಂಬತ್ತರ ದಶಕದ ಶುರು. ಕುಂಬಳೆಯ ಹತ್ತಿರದ ಒಂದು ಕಾಲೇಜಿನಲ್ಲಿ ನನ್ನ ಸಂಶೋಧನೆಯ ಗೈಡ್ ಲಾರೆನ್ಸ್ ಸರ್ ಒಂದು ಎಲೆಕ್ಟ್ರಾನ್ ಸ್ಪೆಕ್ಟ್ರೋಮೀಟರ್ ಕಟ್ಟಿದ್ದರು. ಎಕ್ಸ್‌-ರೇ ಬಿದ್ದಾಗ ವಸ್ತುವಿನಿಂದ ಚಿಮ್ಮುವ ಎಲೆಕ್ಟ್ರಾನುಗಳ ಶಕ್ತಿಯನ್ನು ಅಳೆಯುವ ಯಂತ್ರ ಅದು. ನಮ್ಮ ಸ್ಯಾಂಪಲ್ಲಿನಲ್ಲಿ ತೀರ ಹತ್ತಿರ ಹತ್ತಿರ ಎರಡು ಗೆರೆಗಳಿರಬೇಕು ಎಂಬುದು ಸರ್ ಹಾಕಿದ ಲೆಕ್ಕ. ಯಂತ್ರದ ರೆಕಾರ್ಡರ್ ಮಾತ್ರ ವರ್ಷಗಟ್ಟಲೆ ಕಾಗದದ ಮೇಲೆ ಒಂದೇ ದಪ್ಪ ಗುಡ್ಡೆ ಬರೆಯುತ್ತಿತ್ತು. ಅದನ್ನು ಎರಡಾಗಿ ಬಿಡಿಸಿ ತೋರಿಸದಿದ್ದರೆ ಲ್ಯಾಬ್ ಮುಚ್ಚುತ್ತೇವೆ ಎಂದು ಮೇಲಿನವರು ಹೇಳಿಯಾಗಿತ್ತು. ಅದನ್ನು ನೋಡಲು ಒಂದು ಸಮಿತಿ ಬರುವುದಿತ್ತು.

ಎಕ್ಸ್‌-ರೇ ಟ್ಯೂಬನ್ನು ತಂಪಾಗಿಡಲು ಉಪ್ಪಿನಂಶವಿಲ್ಲದ ನೀರು ಬೇಕು. ನೀರು ಭಟ್ಟಿ ಇಳಿಸುವ ಡಿಸ್ಟಿಲ್ಲರ್ ಕೆಟ್ಟ ಮೇಲೆ ನಾವು ಪೈವಳಿಕೆಯಲ್ಲಿ ನೀರಿಗಾಗಿ ಗುಡ್ಡ ಕೊರೆದು ಮಾಡಿದ ಸುರಂಗವೊಂದರಿಂದ ಜೀಪಿನಲ್ಲಿ ನೀರು ತರುತ್ತಿದ್ದೆವು. ಮುರಕಲ್ಲೆಂಬ ಕೆಂಪು ಕಲ್ಲಿನಲ್ಲಿ ಸೋಸಿ ಬರುವ ಆ ನೀರು ಅಷ್ಟು ಶುದ್ಧ. ಆ ಬೇಸಿಗೆಯಲ್ಲಿ ಸುರಂಗವೂ ಬತ್ತಿತು. ಬೇರೆ ದಾರಿ ಕಾಣದೆ ಕಾಲೇಜಿನ ಬಾವಿಯ ಉಪ್ಪುನೀರನ್ನೇ ಹಾಕಿದೆವು. ಸಮಿತಿ ಬರುವ ಹಿಂದಿನ ದಿನ ಬೆಳಿಗ್ಗೆ ಟ್ಯೂಬ್ ಸುಟ್ಟುಹೋಯಿತು.

ಮಧ್ಯಾಹ್ನ ನಾನು ಟ್ಯೂಬಿನ ವಯರುಗಳನ್ನು ಬಿಚ್ಚಿ ನೆಲದ ಮೇಲಿಟ್ಟೆ. ಸರ್ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಉಳಿದ ಯಂತ್ರವನ್ನು ಆಫ್ ಮಾಡುವಷ್ಟು ಉತ್ಸಾಹವೂ ಯಾರಿಗೂ ಇರಲಿಲ್ಲ. ಆಗ ರೆಕಾರ್ಡರಿನ ಪೆನ್ನು ಕಾಗದದ ಮೇಲೆ ಏರತೊಡಗಿತು. ಏರಿತು, ಇಳಿಯಿತು, ಮತ್ತೆ ಏರಿತು. ಗುಡ್ಡೆ ಬರುತ್ತಿದ್ದ ಜಾಗದಲ್ಲೇ ಎರಡು ಗೆರೆ, ನಡುವೆ ಸ್ಪಷ್ಟವಾದ ಕಣಿವೆ.

"ನೀನು ಎಂತಾದರೂ ಮುಟ್ಟಿದ್ದುಂಟಾ?" ಸರ್ ಕೇಳಿದರು.

ನಾನು ನೆಲದ ಮೇಲಿದ್ದ ವಯರುಗಳನ್ನು ತೋರಿಸಿದೆ. ಎಕ್ಸ್‌-ರೇ ಬರುವ ದಾರಿಯೇ ಇರಲಿಲ್ಲ. ಮತ್ತೆ ಮತ್ತೆ ಓಡಿಸಿ ನೋಡಿದೆವು. ಪೆನ್ನು ಮತ್ತೆ ಏರಲಿಲ್ಲ, ಸುಮ್ಮನೆ ಸಪಾಟಾಗಿ ಓಡಿತು. ಕರೆಂಟಿನ ಏರಿಳಿತ ಎಂದು ನೀವು ಹೇಳಬಹುದು, ನಾನೂ ಹೇಳಿಕೊಂಡೆ. ಆದರೆ ಕರೆಂಟಿಗೆ ಸರ್ ಹಾಕಿದ ಲೆಕ್ಕ ಹೇಗೆ ಗೊತ್ತು?

ಸಮಿತಿಗೆ ಇದನ್ನೇ ತೋರಿಸಿ, ಟ್ಯೂಬ್ ಸುಟ್ಟದ್ದು ಆಮೇಲೆ ಎಂದರಾಯಿತು ಎಂದು ಅಂಗಲಾಚಿದೆ. ಸರ್ ಕಾಗದವನ್ನು ರೆಕಾರ್ಡರಿನಿಂದ ಬಿಡಿಸಿ ತೆಗೆದರು.

"ದೀಪ ಹಚ್ಚದೆ ಬೆಳಕು ಬಂತು ಅಂತ ಹೇಗೆ ಹೇಳುವುದು ಮಾರಾಯ? ನನ್ನಿಂದಾಗುವುದಿಲ್ಲ."

ಹಾಗೆಂದು ಅದನ್ನು ಹರಿದು ಹಾಕಿದರು.

ಲ್ಯಾಬ್ ಮುಚ್ಚಿತು, ಯಂತ್ರ ಗುಜರಿಗೆ ಹೋಯಿತು. ಮುಂದಿನ ಮಳೆಗಾಲಕ್ಕೆ ಸರ್ ಇರಲಿಲ್ಲ. ಕಾಯಿಲೆ ಎಂದರು. ಅವರನ್ನು ಕೊಂದದ್ದು ಕಾಯಿಲೆಯಲ್ಲ, ಲ್ಯಾಬ್ ಮುಚ್ಚಿದ ನೋವು ಎಂದೇ ನನಗೆ ಅನಿಸುತ್ತದೆ.

ಕೆಲವು ವರ್ಷಗಳ ಮೇಲೆ ವಿದೇಶದ ದೊಡ್ಡ ಯಂತ್ರವೊಂದರಲ್ಲಿ ಯಾರೋ ಅದೇ ವಸ್ತುವನ್ನು ಅಳೆದರು. ಅಚ್ಚಾದ ಚಿತ್ರದ ಮೇಲೆ ನಾನು ಸ್ಕೇಲ್ ಇಟ್ಟು ಅಳೆದೆ. ಅದೇ ಎರಡು ಗೆರೆ, ಅಷ್ಟೇ ಅಂತರ. ಸುಟ್ಟ ಟ್ಯೂಬಿನ ಮುಂದೆ ಅವು ಎಲ್ಲಿಂದ ಬಂದವು, ನನಗೆ ಇವತ್ತಿಗೂ ಗೊತ್ತಿಲ್ಲ. ಸರ್ ಹಾಕಿದ ಲೆಕ್ಕ ಸರಿಯಾಗಿತ್ತು ಎಂಬುದಷ್ಟೇ ಗೊತ್ತು. ಅದನ್ನು ಕೇಳಬೇಕಾಗಿದ್ದವರು ಇಗರ್ಜಿಯ ಹಿಂದೆ, ಶಿಲುಬೆ ನೆಟ್ಟ ಮಣ್ಣಿನಡಿ ಮಲಗಿದ್ದಾರೆ.