ಸ್ವರ ಕೂತಿತು

ನಮ್ಮ ಗೋಡೆಗೆ ಅಂಟಿಕೊಂಡ ಮನೆಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವನಿದ್ದಾನೆ. ಬೀದಿಯವರಿಗೆ ಅವನು ಪೆಟ್ಟಿಗೆಯವನು. ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಸಣ್ಣ ದೊಡ್ಡ ಅರಗಳು, ತಿದಿಗೆ ಹಚ್ಚುವ ಗೋಂದು, ಬಟ್ಟಲ ತುಂಬ ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳು. ಒಳಕೋಣೆಯಲ್ಲಿ ಕಣ್ಣು ಕಾಣದ ತಾಯಿ. ಎರಡು ಕೋಣೆಗಳ ನಡುವೆ ದಿನವಿಡೀ ಓಡಾಡುವವಳು ಅವನ ಹೆಂಡತಿ.

ಅವಳು ಪಾತ್ರೆ ತೊಳೆಯುತ್ತ ಹಾಡಿಕೊಂಡರೆ ಈಚೆ ನನ್ನ ಪ್ರಾರ್ಥನೆ ಅರ್ಧಕ್ಕೇ ನಿಲ್ಲುತ್ತಿತ್ತು. ದೇವರು ಕ್ಷಮಿಸಲಿ, ಬಹುಶಃ ಅವನೂ ಕೇಳುತ್ತಿದ್ದ. ಮುದುಕಿಯಂತೂ ಆ ದನಿ ಹಿಡಿದುಕೊಂಡೇ ಬದುಕಿದ್ದಳು. ಬೇರೆ ಯಾರು ಮುಟ್ಟಿದರೂ ಬೆಚ್ಚಿಬೀಳುವವಳು, "ಅತ್ತೆ, ನಾನು" ಎಂಬ ಮಾತು ಕಿವಿಗೆ ಬಿದ್ದೊಡನೆ ಕೈ ಚಾಚುತ್ತಿದ್ದಳು.

"ನನ್ನ ಕಣ್ಣು ಇವಳ ಗಂಟಲಲ್ಲಿದೆ," ಎನ್ನುತ್ತಿದ್ದಳು. "ಮಗನ ಗಂಟಲಲ್ಲಿದ್ದಿದ್ದರೆ ಗೋಡೆಗೆ ಡಿಕ್ಕಿ ಹೊಡೀತಿದ್ದೆ."

ಒಂದು ದಿನ ಸಂಗೀತದ ಮೇಷ್ಟ್ರು ತಮ್ಮ ಹಾರ್ಮೋನಿಯಂ ತೆಗೆದುಕೊಂಡು ಹೋಗಲು ಬಂದರು. ಒಳಗಿನ ಹಾಡು ಕೇಳಿ ನಕ್ಕರು. "ನೀನು ಎಷ್ಟೇ ಉಜ್ಜು, ಪೆಟ್ಟಿಗೆ ಪೆಟ್ಟಿಗೆಯೇ ಕಣಯ್ಯ. ಅದಕ್ಕೆ ಗಂಟಲು ಬರುತ್ತಾ?"

ತಮಾಷೆಯ ಮಾತು. ಅವನು ನಗಲಿಲ್ಲ. "ಬರಿಸ್ತೀನಿ ಮೇಷ್ಟ್ರೇ," ಎಂದ.

ಅಂದಿನಿಂದ ಬೇರೆಯವರ ಪೆಟ್ಟಿಗೆಗಳು ಮೂಲೆ ಸೇರಿದವು, ತನ್ನದೊಂದು ಮೇಜಿಗೇರಿತು. ಹೆಂಡತಿಯನ್ನು ಮೇಜಿನ ಪಕ್ಕ ಸ್ಟೂಲಿನ ಮೇಲೆ ಕೂರಿಸಿದ. ಮೇಲಿನ ಸ್ವರದಿಂದ ಶುರು. ಅವಳು ಒಂದೇ ಸ್ವರ ಹಿಡಿದು ನಿಲ್ಲಬೇಕು, ಅವನು ರೀಡು ಉಜ್ಜಬೇಕು. ತುದಿ ಉಜ್ಜಿದರೆ ಸ್ವರ ಏರುತ್ತದೆ, ಬುಡ ಉಜ್ಜಿದರೆ ಇಳಿಯುತ್ತದೆ. ಉಜ್ಜಿಹೋದ ಹಿತ್ತಾಳೆ ಮಾತ್ರ ಮರಳಿ ಬರುವುದಿಲ್ಲ.

"ಹಿಡಿ. ಇನ್ನೊಂದು ಸಲ ಹಿಡಿ."

"ರೀ, ನನ್ನ ಗಂಟಲಿಗೂ ಅರ ಹಾಕ್ತಿದ್ದೀರಾ ಹೇಗೆ?" ಎಂದು ಅವಳು ನಗುತ್ತಿದ್ದಳು.

ರೀಡು ಶ್ರುತಿಗೆ ಸೇರಿದರೆ ರಿಪೇರಿಯವರು 'ಸ್ವರ ಕೂತಿತು' ಎನ್ನುತ್ತಾರೆ. ಗಂಟಲು ಕೂತಿತು ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಅವನು "ಕೂತಿತು!" ಎಂದು ಕೂಗಿದ ಮಾರನೇ ದಿನ ಅವಳ ಹಾಡು ಆ ಸ್ವರದ ಹತ್ತಿರ ಬಂದು ಮುಗ್ಗರಿಸುತ್ತಿತ್ತು. ಮೊದಲ ಸಲ ಶೀತವೆಂದುಕೊಂಡೆ. ಮೂರನೇ ಸಲ ಹಾಗೆಂದುಕೊಳ್ಳಲು ಆಗಲಿಲ್ಲ.

ಬಟ್ಟೆ ಒಣಹಾಕುವಾಗ ಅವಳೇ ಹೇಳಿದಳು, "ಅಕ್ಕ, ಅಲ್ಲಿ ಕೂತಿದ್ದೆಲ್ಲ ಇಲ್ಲಿಂದ ಎದ್ದು ಹೋಗ್ತಿದೆ." ಆಗಲೂ ನಕ್ಕಳು. ನಗು ಒಡೆದ ಬಿದಿರಿನ ಹಾಗೆ ಕೇಳಿತು.

ತಿಂಗಳು ಪೂರ್ತಿ ಮಾತಾಡಬಾರದು ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಅವನು ಅದನ್ನು ಗೋಂದಿನ ಡಬ್ಬಿಯ ಕೆಳಗಿಟ್ಟ. ನಾನು ಅವರ ಹೊಸ್ತಿಲಲ್ಲಿ ನಿಂತು ಹೇಳಿದೆ, "ಸಾಕು ಮಾಡಪ್ಪ. ಅವಳ ದನಿ ಹೋದರೆ ನಿನ್ನ ತಾಯಿಗೆ ಯಾರು ದಿಕ್ಕು?"

"ಇನ್ನು ಮೂರೇ ಸ್ವರ ಅಕ್ಕ. ಗಂಟಲೇನು ಹಿತ್ತಾಳೆಯಾ, ಸವೆಯೋಕೆ?"

ಅವನ ಕಣ್ಣು ರೀಡಿನ ಮೇಲಿತ್ತು. ಬೆರಳಿಗೆಲ್ಲ ಹಳದಿ ಪುಡಿ ಮೆತ್ತಿತ್ತು, ಸ್ಟೂಲಿನ ಮೇಲಿದ್ದವಳ ತುಟಿಗೂ.

ಮುಗಿದ ದಿನ ಮಧ್ಯಾಹ್ನ ನನ್ನನ್ನು ಕರೆದ. ಅವಳು ಗೋಡೆಗೊರಗಿ ಕೂತಿದ್ದಳು. ಬಾಯಿ ತೆರೆದರೆ ಬರೀ ಗಾಳಿ. ಅವನು ತಿದಿ ಒತ್ತಿ, ಅವಳು ಪಾತ್ರೆ ತೊಳೆಯುತ್ತ ಹಾಡುತ್ತಿದ್ದ ಹಾಡನ್ನು ನುಡಿಸಿದ. ಅದು ಅವಳೇ. ಉಸಿರೆಳೆದುಕೊಳ್ಳುವ ಜಾಗ ಕೂಡ ಅವಳದೇ.

"ಬಂದ್ಯಾ ಮಗಳೇ!" ಒಳಗಿನಿಂದ ಮುದುಕಿ ಕೂಗಿದಳು. "ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ದಿನ?"

ಹೆಂಡತಿ ಓಡಿಹೋಗಿ ಅತ್ತೆಯ ಕೈ ಹಿಡಿದಳು. ಮುದುಕಿ ಕೈ ಕಿತ್ತುಕೊಂಡಳು. "ಯಾರಿದು? ಮಾತೇ ಆಡಲ್ಲ! ಯಾರೋ ಮುಟ್ಟಿದರು ಕಣೇ, ಬೇಗ ಬಾ."

ಅವನು ಬೆಚ್ಚಿ ಪೆಟ್ಟಿಗೆಯ ಕರಿ ಬಿಳಿ ಮನೆಗಳಿಂದ ಕೈ ತೆಗೆದ. ಆದರೆ ಒಂದು ಮನೆ ಒತ್ತಿದ್ದು ಮೇಲೇಳಲಿಲ್ಲ, ಅಲ್ಲೇ ಸಿಕ್ಕಿಕೊಂಡಿತು. ದಿನಕ್ಕೆ ಹತ್ತು ಸಲ ಸರಿಮಾಡುವ ದೋಷ, ಅವನ ಕೈ ಮಾತ್ರ ಮುಂದೆ ಹೋಗಲಿಲ್ಲ. ತಿದಿಯಲ್ಲಿ ಗಾಳಿ ಇರುವವರೆಗೆ ಆ ಒಂದು ಸ್ವರ ಕೂಗುತ್ತಲೇ ಇತ್ತು. "'ಬಂದೆ' ಅನ್ನೇ," ಎಂದು ಮುದುಕಿ ಅದಕ್ಕೆ ಉತ್ತರ ಕೊಡುತ್ತಲೇ ಇದ್ದಳು.

ಈಗ ಮುದುಕಿಗೆ ಊಟ ಮಾಡಿಸಬೇಕಾದರೆ ಅವನು ನುಡಿಸಬೇಕು. ಹೆಂಡತಿ ಉಸಿರು ಬಿಗಿಹಿಡಿದು ತುತ್ತು ಇಡಬೇಕು. ರೀಡು ಕಿತ್ತು ಬಿಸಾಡುವ ಹಾಗಿಲ್ಲ, ಇರುವ ದನಿ ಅದೊಂದೇ.

ಮೊನ್ನೆ ನಾನು ದನಿಯೆತ್ತಿ ಪ್ರಾರ್ಥನೆ ಮುಗಿಸಿ ಕಣ್ಣು ತೆರೆದರೆ ಕಿಟಕಿಯಾಚೆ ಅವನು ನಿಂತಿದ್ದ. ಕೈಯಲ್ಲಿ ಅರ.

"ಅಕ್ಕ, ಪೆಟ್ಟಿಗೆಗೆ ಕೆಳಗಿನ ಸ್ವರ ಸಾಲದು. ನಿಮ್ಮ ದನಿ ದಪ್ಪ. ಒಂದೇ ಒಂದು ಸಲ ಹಿಡೀತೀರಾ?"

ಕಿಟಕಿ ಹಾಕಿದೆ. ಅಂದಿನಿಂದ ಪ್ರಾರ್ಥನೆಯೆಲ್ಲ ತುಟಿಯಲ್ಲೇ. ಗೋಡೆಯಾಚೆ ಅರದ ಸದ್ದೂ ನಿಂತಿದೆ. ಕಿವಿಗೊಟ್ಟು ಕಾಯುತ್ತಿದ್ದಾನೆ.