ಪುಸ್ತಕದಲ್ಲಿ ಇಲ್ಲದ ಬಾವಿ

ಆ ಬಾವಿ ಪುಸ್ತಕದಲ್ಲಿ ಇರಲೇ ಇಲ್ಲ. ನನ್ನ ತಂಗಿ ಸ್ಮಿತಾಳನ್ನು ಹೆದರಿಸಲೆಂದೇ ನಾನು ಅದನ್ನು ಕಟ್ಟಿ ಹೇಳಿದ್ದೆ. ಅವಳು ನಂಬಿದಳು — ಇಷ್ಟು ವರ್ಷ ನಂಬಿಕೊಂಡೇ ಬದುಕಿದಳು.

ಆಗ ನಾವು ಪರ್ತ್‌ನ ಬೆಂಟ್ಲಿಯಲ್ಲಿದ್ದೆವು. ಅಪ್ಪ ಅಲ್ಲಿನ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದರು, ಅಮ್ಮ ಬಸುರಿ. ನನಗೆ ಒಂಬತ್ತು ವರ್ಷ, ಸ್ಮಿತಾಳಿಗೆ ಐದು. ಮೈಸೂರಿನಿಂದ ಹೊಸದಾಗಿ ಬಂದಿದ್ದ ಅವಳಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ನಾನು ಲೈಬ್ರರಿಯಿಂದ ಒಂದು ಸರಣಿಯ ಪುಸ್ತಕಗಳನ್ನು ತರುತ್ತಿದ್ದೆ — ಪಾಳು ಬಂಗಲೆಯಲ್ಲಿ ಸಿಕ್ಕಿಕೊಂಡ ಮಕ್ಕಳ ಕಥೆ. ಪ್ರತಿ ಪುಸ್ತಕದಲ್ಲೂ ಯಾರಾದರೂ ಕಾಣೆಯಾಗುತ್ತಿದ್ದರು. ಶಾಲೆಯಿಂದ ಬಂದಮೇಲೆ ಅವಳಿಗೆ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ನಾನು ಹೇಳಿದ್ದೇ ಅವಳಿಗೆ ಪುಸ್ತಕ.

ಒಂದು ಮಧ್ಯಾಹ್ನ ಸ್ಮಿತಾ ಅಮ್ಮನ ಹೊಟ್ಟೆ ನೋಡುತ್ತಾ, "ನಂಗೆ ಪಾಪು ಬೇಡ, ವಾಪಸ್ ಕಳಿಸ್ಬಿಡು" ಅಂದಳು. ಅಮ್ಮ ನಕ್ಕು ಅವಳನ್ನು ತೊಡೆಯ ಮೇಲೆ ಎಳೆದುಕೊಂಡಳು. ಪಾಪು ನನಗೂ ಬೇಡವಾಗಿತ್ತು — ನಾನು ಹೇಳಿರಲಿಲ್ಲ, ಜಾಣೆಯಾಗಿದ್ದೆ. ಹೇಳಿದವಳಿಗೆ ಅಮ್ಮನ ತೊಡೆ ಸಿಕ್ಕಿತು.

ಅವತ್ತು ಪುಸ್ತಕ ಬಿಡಿಸಿಕೊಂಡು, ಅದರಲ್ಲಿಲ್ಲದ್ದನ್ನು ಓದಿದೆ. "ಬಂಗಲೆ ಹಿಂದೆ ಒಂದು ಬಾವಿ ಇದೆ. ಮಕ್ಕಳು ಯಾರನ್ನ ಬೇಡ ಅಂತಾರೋ ಅವರನ್ನ ಅದು ಒಳಗೆ ಎಳ್ಕೊಂಡ್ಬಿಡತ್ತೆ."

"ನಿಜವಾಗ್ಲೂ ಹಂಗೇ ಬರ್ದಿದ್ಯಾ?"

ಯಾವುದೋ ಒಂದು ಸಾಲಿನ ಮೇಲೆ ಬೆರಳಿಟ್ಟೆ. "ನೋಡು, ಇಲ್ಲೇ ಇದೆ."

ಕೆಲವೇ ವಾರಗಳಲ್ಲಿ ಅಮ್ಮನಿಗೆ ಗರ್ಭಪಾತವಾಯಿತು. ಆಸ್ಪತ್ರೆಯಿಂದ ಬಂದವಳು ಮಲಗಿದ್ದಲ್ಲಿಂದಲೇ ಸ್ಮಿತಾಳನ್ನು ಕರೆದಳು, ಮತ್ತೆ ಮತ್ತೆ ಕರೆದಳು. ಸ್ಮಿತಾ ಬಾಗಿಲ ಹಿಂದಿನಿಂದ ಕದಲಲಿಲ್ಲ. ಮಗು ಗಾಬರಿಯಾಗಿದೆ ಎಂದು ದೊಡ್ಡವರು ಅಂದುಕೊಂಡರು. ನನಗೆ ಮಾತ್ರ ಗೊತ್ತಿತ್ತು. "ಸುಳ್ಳು ಹೇಳ್ದೆ ಕಣೇ" ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು — ಬಾಯಿ ಬಿಡಲಿಲ್ಲ. ಆಮೇಲೆ ಮರೆತೆ. ಮರೆತೆ ಅನ್ನುವುದೂ ಪೂರ್ತಿ ನಿಜವಲ್ಲ. ಬಾವಿ ಪುಸ್ತಕದಲ್ಲೇ ಇತ್ತೇನೋ ಎಂದು ನನ್ನನ್ನೇ ನಂಬಿಸಿಕೊಂಡೆ.

ಈಗ ನಾನಿರುವುದು ಅಡಿಲೇಡ್‌ನ ಸ್ಯಾಲಿಸ್‌ಬರಿಯಲ್ಲಿ. ಹೋದ ತಿಂಗಳು ಮಗಳು ತನ್ವಿ ಅದೇ ಸರಣಿಯನ್ನು ಮನೆಗೆ ತಂದು ಎಲ್ಲವನ್ನೂ ಓದಿ ಮುಗಿಸಿದಳು. ನಾನೂ ಒಂದನ್ನು ಕೈಗೆತ್ತಿಕೊಂಡು, "ಬಾವಿ ಯಾವ್ದರಲ್ಲಿ ಬರತ್ತೆ ಪುಟ್ಟೀ?" ಎಂದೆ.

"ವಾಟ್ ಬಾವಿ, ಅಮ್ಮಾ? ದೇರ್ಸ್ ನೋ ವೆಲ್ ಇನ್ ಎನಿ ಆಫ್ ದೆಮ್."

ಎಲ್ಲವನ್ನೂ ಮತ್ತೆ ಓದಿದೆ. ಮೈ ಜುಮ್ಮೆನ್ನಿಸುವಂಥದ್ದು ಬೇಕಾದಷ್ಟಿತ್ತು — ಆದರೆ ಆ ಲೇಖಕರು ಯಾವ ಮಗುವಿನ ತಲೆಗೂ ಒಂದು ಸಾವನ್ನು ಕಟ್ಟಿರಲಿಲ್ಲ.

ಸ್ಮಿತಾ ಈಗ ಬ್ರಿಸ್ಬೇನ್‌ನಲ್ಲಿ, ಸೇಂಟ್ ಲೂಸಿಯಾದ ಕ್ಯಾಂಪಸ್‌ನಲ್ಲಿ ಸಂಶೋಧಕಿ. ಮೊದಲ ಮಗುವಿನ ನಿರೀಕ್ಷೆಯಲ್ಲಿದ್ದಾಳೆ. "ನೀನು ಬೇಕು, ನೀನು ಬೇಕು ಅಂತ ದಿನಾ ಜೋರಾಗಿ ಹೇಳ್ತೀನಿ ಅಕ್ಕಾ, ಒಂದಿನಾನೂ ತಪ್ಪಿಸಲ್ಲ" ಎಂದು ಫೋನಿನಲ್ಲಿ ಹೇಳಿದ್ದಳು. ಮುದ್ದಿನ ಮಾತು ಎಂದು ನಕ್ಕಿದ್ದೆ. ಪುಸ್ತಕ ಮುಚ್ಚಿದ ಮೇಲೆ ಆ ಮಾತು ನೆನಪಾಯಿತು — ಅದು ಮುದ್ದಾಗಿರಲಿಲ್ಲ, ಬಾವಿಯ ಹೆದರಿಕೆಯಾಗಿತ್ತು.

ಮರುವಾರ ಬ್ರಿಸ್ಬೇನ್‌ಗೆ ಹೋದೆ. ಫೆರಿ ದೋಣಿ ನಿಲ್ಲುವಲ್ಲಿ, ನದಿಯ ಕಡೆಗಿದ್ದ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಪಾಪು ನನಗೂ ಬೇಡವಾಗಿತ್ತು ಎಂಬುದನ್ನೂ ಹೇಳಿದೆ. ಅವಳು ಅಳಲಿಲ್ಲ.

"ಅಮ್ಮ ಅಷ್ಟು ಸಲ ಕರೆದ್ಲು ಅಕ್ಕಾ. ನಾನು ಮುಟ್ಟಿದ್ರೆ ಅವಳಿಗೂ ಏನಾದ್ರೂ ಆಗತ್ತೆ ಅಂತ ಹೋಗ್ಲಿಲ್ಲ."

ಸ್ಮಿತಾ ಯಾಕೋ ತನ್ನನ್ನು ಹಚ್ಚಿಕೊಳ್ಳಲೇ ಇಲ್ಲ ಎಂದು ಅಮ್ಮ ಇಂದಿಗೂ ನೊಂದುಕೊಳ್ಳುತ್ತಾಳೆ. ಅದನ್ನು ನನ್ನ ಹತ್ತಿರವೇ ಹೇಳಿಕೊಳ್ಳುತ್ತಾಳೆ. ನಾನು ಸಮಾಧಾನ ಮಾಡುತ್ತಾ ಬಂದಿದ್ದೇನೆ.

"ಅಮ್ಮಂಗೆ ಹೇಳಿದ್ಯಾ?"

"ಇಲ್ಲ."

"ಹೇಳು. ಫೋನಲ್ಲಿ ಬೇಡ. ನೀನು ಹೇಳೋವಾಗ ನಾನು ಅಮ್ಮನ ಪಕ್ಕ ಕೂತಿರ್ಬೇಕು."

ಅವಳು ಎದ್ದು ಲ್ಯಾಬ್ ಕಡೆ ನಡೆದಳು. ನಾನು ಅಲ್ಲೇ ಕೂತಿದ್ದೆ.

ಈ ಶನಿವಾರ ಇಬ್ಬರೂ ಪರ್ತ್‌ಗೆ, ಅಮ್ಮನ ಮನೆಗೆ ಹೋಗುತ್ತಿದ್ದೇವೆ — ಬೇರೆ ಬೇರೆ ವಿಮಾನಗಳಲ್ಲಿ.