ದೀಪದ ಮನೆಯ ಒಂಬತ್ತು ಬಿಲ್ಲೆಗಳು

ಈ ಸಲ ಮಾವಿನ ಸುಗ್ಗಿಯಲ್ಲಿ ರಾಮನಗರದ ಮಂಡಿಯೊಂದಕ್ಕೆ ಹೋಗಿದ್ದೆ. ಬೇಗ ಹಣ್ಣಾಗಲೆಂದು ಕಾಯಿಗಳ ನಡುವೆ ಯಾರೋ ಕಾಗದದ ಪೊಟ್ಟಣದಲ್ಲಿ ಕಾರ್ಬೈಡ್ ಇಟ್ಟಿದ್ದರು. ಕೊಳೆತ ಬೆಳ್ಳುಳ್ಳಿಯಂಥ ಆ ವಾಸನೆ ಮೂಗಿಗೆ ಬಡಿಯಿತು. ನಮ್ಮ ಹಿತ್ತಲ ಮನೆಯಲ್ಲಿ ಬಾಡಿಗೆಗಿದ್ದ ಗಣಿ ತಾತ ತಮ್ಮಪ್ಪನ ಕಾಲದ ಕಾರ್ಬೈಡ್ ದೀಪ ಹಚ್ಚಿ ತೋರಿಸಿದ ದಿನ ಹಿತ್ತಲೆಲ್ಲ ಹೀಗೇ ನಾರಿತ್ತು...

ತಾತನ ಊರು ಕೋಲಾರದ ಚಿನ್ನದ ಗಣಿ. ಗಣಿ ಮುಚ್ಚಿ, ಹೆಂಡತಿಯೂ ತೀರಿಕೊಂಡ ಮೇಲೆ, ಬಿಡದಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಗಳ ಜೊತೆ ಇಲ್ಲಿಗೆ ಬಂದಿದ್ದರು. ಗಣಿಯಲ್ಲಿ ಅವರದು ದೀಪದ ಮನೆಯ ಕೆಲಸ. ಕೆಳಗಿಳಿಯುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ಕೊಟ್ಟು ದೀಪ ಪಡೆಯಬೇಕು. ಮೇಲೆ ಬಂದಾಗ ದೀಪ ಕೊಟ್ಟು ಬಿಲ್ಲೆ ಪಡೆಯಬೇಕು. ಒಂದು ದಿನ ಕೆಳಗೆ ಬಂಡೆ ಸಿಡಿದು ಒಂಬತ್ತು ಜನ ಮೇಲೆ ಬರಲಿಲ್ಲ. ಒಂಬತ್ತು ಬಿಲ್ಲೆಗಳು ಗೋಡೆಯ ಮೊಳೆಗಳಲ್ಲೇ ಉಳಿದವು. ಅದರಲ್ಲೊಂದು ತಾತನ ಸ್ವಂತ ತಮ್ಮನದು. ಗಣಿ ಮುಚ್ಚಿದಾಗ ತಾತ ಆ ಒಂಬತ್ತನ್ನೂ ಮನೆಗೆ ತಂದಿಟ್ಟುಕೊಂಡಿದ್ದರು.

ಪ್ರತಿ ಭಾನುವಾರ ಬೆಳಿಗ್ಗೆ ಅವನ್ನು ನನ್ನೆದುರು ಸಾಲಾಗಿಟ್ಟು ಒಂದೊಂದರ ಹೆಸರು ಹೇಳುತ್ತಿದ್ದರು. ನಂಬರು, ಹೆಸರು, ಕಾರ್ಮಿಕರ ಸಾಲುಮನೆಗಳ ಯಾವ ಲೈನಿನಲ್ಲಿ ಮನೆಯಿತ್ತು ಎಂಬುದನ್ನೆಲ್ಲ ಅವರ ಹೆಂಡತಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ನಾನು ಪೇಪರ್ ಓದುತ್ತಲೇ ಹೂಂಗುಡುತ್ತಿದ್ದೆ.

"ನಮ್ಮೂರಲ್ಲಿ ಒಂದು ರೂಮು ಸಾಕು ಮೇಷ್ಟ್ರೇ. ಗೋಡೆಗೆ ಮೊಳೆ ಹೊಡ್ದು ಇದನ್ನ ಹಾಕ್ಬೇಕು. ಬಂದೋರು ಹೆಸರು ಓದ್ಬೇಕು. ಅಷ್ಟೇ."

ಆ ರೂಮು ಕೊಡಿಸುತ್ತೇನೆಂದು ಹೊರಟವನು ನಾನೇ. ಪರಂಪರೆ ಉಳಿಸುವ ಸಮಿತಿಯೆಂದು ಒಂದನ್ನು ಕಟ್ಟಿಕೊಂಡಿದ್ದ ಪರಿಚಯದ ಕಂಟ್ರಾಕ್ಟರನ್ನು ಮನೆಗೆ ಕರೆತಂದೆ. ಆತ ಶಾಲು, ಹಾರ, ಫೋಟೋಗ್ರಾಫರ್ ಸಮೇತ ಬಂದ.

"ಗಣಿ ಊರಲ್ಲೇ ಮ್ಯೂಸಿಯಂ ಮಾಡ್ತೀವಿ ತಾತ. ಎಲ್ಲಾ ಮಾತಾಡ್ಬುಟ್ಟಿದೀನಿ. ಒಸಿ ನಂಬಿ" ಎಂದ.

ತಾತ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ದೀಪ, ಬಿಲ್ಲೆ, ನೋಟ್‌ಬುಕ್ಕು ಎಲ್ಲವನ್ನೂ ಕೊಟ್ಟುಬಿಟ್ಟರು. ಆಮೇಲೆ ಎರಡು ವರ್ಷ, ಕೇಳಿದಾಗೆಲ್ಲ ಆತನದು ಒಂದೇ ಉತ್ತರ: "ಜಾಗ ನೋಡ್ತಾವ್ರೆ ಸಾರ್."

ಹಾರೋಹಳ್ಳಿ ಕಡೆಯ ಒಂದು ರೆಸಾರ್ಟಿನಲ್ಲಿ ಸಹೋದ್ಯೋಗಿಯ ಮಗಳ ನಿಶ್ಚಿತಾರ್ಥಕ್ಕೆ ಹೋದಾಗ ಜಾಗ ಸಿಕ್ಕಿತು. ಊಟದ ಹಾಲಿನ ಬಾಗಿಲನ್ನು ಸಿಮೆಂಟಿನ ಸುರಂಗ ಮಾಡಿ ಚಿನ್ನದ ಬಣ್ಣ ಬಳಿದಿದ್ದರು. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ತಾತನ ದೀಪ. ಕೌಂಟರಿನ ಹಿಂದೆ ರೂಮಿನ ಬೀಗದ ಕೈಗಳು ತೂಗುತ್ತಿದ್ದವು, ಒಂದೊಂದಕ್ಕೂ ಒಂದೊಂದು ಹಿತ್ತಾಳೆ ಬಿಲ್ಲೆ. ರೆಸಾರ್ಟು ಕಂಟ್ರಾಕ್ಟರನ ಭಾವಮೈದುನನದಂತೆ. ಎಲೆಯ ಮುಂದೆ ಕೂತವನು ಊಟ ಮಾಡದೆ ಎದ್ದುಬಂದೆ. ಅವರ ಮೇಲಿನ ಹೇಸಿಗೆ ಒಂದು ಕಡೆ. ಅಂದು ತಲೆಯಾಡಿಸಿದ ನನ್ನ ಮೇಲಿನದು ಇನ್ನೊಂದು ಕಡೆ.

ಮೂರು ದಿನ ಹಿತ್ತಲ ಕಡೆ ಹೋಗದೆ ತಪ್ಪಿಸಿಕೊಂಡೆ. ನಾಲ್ಕನೆಯ ದಿನ ಹೇಳಿದೆ. ತಾತ ಅಂಗಿ ಹಾಕಿಕೊಂಡು ಬಂದು, "ಕರ್ಕೊಂಡ್ ಹೋಗಿ" ಎಂದರು.

ಮ್ಯಾನೇಜರಿಗೆ ಅವರನ್ನು ಕಂಡು ಖುಷಿಯೇ ಆಯಿತು. "ಒರಿಜಿನಲ್ ಗಣಿ ಕೆಲಸದೋರಾ? ಭಾನುವಾರ ಹೆಲ್ಮೆಟ್ ಹಾಕ್ಕೊಂಡು ಬಾಗಿಲಲ್ಲಿ ಕೂತ್ಕೋತೀರಾ ತಾತ? ಗೆಸ್ಟ್‌ಗಳು ಫೋಟೋ ತೆಗೆಸ್ಕೋತಾರೆ."

ತಾತ ಅವನತ್ತ ನೋಡಲೂ ಇಲ್ಲ. ಮೊಳೆಗಳನ್ನು ನೋಡಿ, "ಆರೇ ಇದೆ. ಇನ್ನ ಮೂರು?" ಎಂದರು.

"ರೂಮಲ್ಲಿ ಗೆಸ್ಟ್ ಇದಾರೆ. ಸಂಜೆ ಬರ್ತವೆ."

ತಾತ ಕೌಂಟರಿನೆದುರಿನ ಕುರ್ಚಿಯಲ್ಲಿ ಕೂತರು. ಊಟ ಬೇಡವೆಂದರು. ಸಂಜೆ ಕೊನೆಯ ಕೀ ಬಂತು. ಈಜಿ ಬಂದವನೊಬ್ಬ ಒದ್ದೆ ಕೈಯಲ್ಲೇ ಅದನ್ನು ಕೌಂಟರಿನ ಮೇಲೆ ಎಸೆದು ಹೋದ. ತಾತ ಎದ್ದು ಒಂಬತ್ತನ್ನೂ ಬಿಡಿಸಿ, ಆ ಒದ್ದೆ ಬಿಲ್ಲೆಯನ್ನು ಅಂಗಿಯ ಚುಂಗಿನಲ್ಲಿ ಒರೆಸಿ, ಜೇಬಿಗೆ ಹಾಕಿಕೊಂಡರು. ಪೊಲೀಸರನ್ನು ಕರೆಯುತ್ತೇನೆಂದ ಮ್ಯಾನೇಜರ್.

"ಕರೀರಿ. ಇಲ್ಲೇ ಇರ್ತೀನಿ" ಎಂದರು ತಾತ.

ಯಾರೂ ಯಾರನ್ನೂ ಕರೆಯಲಿಲ್ಲ. ದೀಪವನ್ನು ತಾತ ಕೇಳಲೇ ಇಲ್ಲ. ಕೇಳಿದ್ದು ನೋಟ್‌ಬುಕ್ಕನ್ನು; ಅದನ್ನು ಹಳೇ ಪೇಪರ್ ಜೊತೆ ಎಸೆದಿದ್ದರಂತೆ.

ಮನೆಗೆ ಬಂದ ಮೇಲೆ ತಾತ, "ನಂಗೆ ಕಣ್ಣು ಮಂಜು. ನಾನು ಹೆಸರು ಹೇಳ್ತೀನಿ, ನೀವು ಬರ್ಕೊಳ್ಳಿ" ಎಂದರು. ಪರೀಕ್ಷೆಯ ಪೇಪರ್ ತಿದ್ದುವುದಿತ್ತು. ಮುಂದಿನ ಭಾನುವಾರ ಕೂರೋಣ ಎಂದೆ. ಶುಕ್ರವಾರ ಸ್ನಾನದ ಮನೆಯಲ್ಲಿ ಕುಸಿದವರು ಮತ್ತೆ ಮಾತಾಡಲಿಲ್ಲ...

ತಾತ ತೀರಿಕೊಂಡ ದಿನ ಸಮಿತಿಯವರು ಹಾರ ತಂದಿದ್ದರು. ಮಗಳು ಅದನ್ನು ಒಳಗೆ ಬಿಡಲಿಲ್ಲ. ಮನೆ ಖಾಲಿ ಮಾಡುವಾಗ ಬಿಲ್ಲೆಗಳನ್ನು ನನ್ನ ಕೈಗಿಟ್ಟು, "ಚಿಕ್ಕಪ್ಪಂದು ಯಾವ್ದು ಅಂತಷ್ಟೇ ನಂಗೆ ಗೊತ್ತು ಸಾರ್. ಮಿಕ್ಕಿದ್ದು ನಿಮ್ಗೆ ಹೇಳಿದಾರಲ್ಲ" ಎಂದಳು.

ಮೊನ್ನೆ ಆ ಕಂಟ್ರಾಕ್ಟರ್ ಫೋನ್ ಮಾಡಿದ್ದ. ಸ್ಮರಣ ಸಂಚಿಕೆ ತರುತ್ತಾರಂತೆ. "ತಾತನ ಬಗ್ಗೆ ಒಂದ್ ಪುಟ ಬರ್ಕೊಡಿ ಸಾರ್. ಆಗಿದ್ದೆಲ್ಲಾ ಯಾಕೆ ಬುಡಿ, ಒಳ್ಳೇದ್ ಬರೀರಿ."

ಫೋನ್ ಇಟ್ಟುಬಿಟ್ಟೆ. ಬಿಲ್ಲೆಗಳನ್ನು ಮೇಜಿನ ಮೇಲೆ ಸಾಲಾಗಿಟ್ಟುಕೊಂಡು ಕೂತೆ. ತಾತನ ತಮ್ಮನದು ಸೇರಿ ಮೂರು ಬಿಲ್ಲೆಗಳ ಹೆಸರು ಹೇಳಬಲ್ಲೆ. ಉಳಿದ ಆರು... ಎಷ್ಟೊಂದು ಭಾನುವಾರ ಹೇಳಿದ್ದರು.